ಬೋರಿನ ನೀರಿಗೆ ಹೊಂದುವ ಸೋಲಾರ್ ಯಾವುದು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಕಡೆ ತಾರಸಿ ಮೇಲೆ ಸೋಲಾರ್ ವಾಟರ್ ಹೀಟರ್ ಹಾಕಿಸಿದವರನ್ನು ಮಾತಾಡಿಸಿ ನೋಡಿ, ದೂರು ಹೆಚ್ಚುಕಡಿಮೆ ಒಂದೇ. ಮೊದಲ ವರ್ಷ ಕೈ ಸುಡುವ ನೀರು, ಎರಡನೇ ವರ್ಷ ಬೆಚ್ಚಗೆ, ಮೂರನೇ ವರ್ಷಕ್ಕೆ ಬಚ್ಚಲಿನಲ್ಲಿ ಮತ್ತೆ ಹಂಡೆ ಒಲೆ. ಅಂಗಡಿಯವರು ಕಂಪನಿಯ ಕಡೆ ಕೈ ತೋರಿಸುತ್ತಾರೆ, ಕಂಪನಿಯವರು ಪ್ಲಂಬರ್ ಕಡೆ, ಪ್ಲಂಬರ್ ಮೋಡದ ಕಡೆ. ಮೋಡವನ್ನು ದೂರುವುದಕ್ಕೆ ಈ ಸೀಮೆಯಲ್ಲಿ ಅವಕಾಶ ಕಡಿಮೆ. ಪಾವಗಡದ ತಿರುಮಣಿ, ಬಳಸಮುದ್ರದ ಸುತ್ತ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸಾಮರ್ಥ್ಯದ ಶಕ್ತಿಸ್ಥಳ ಸೋಲಾರ್ ಪಾರ್ಕ್ ನಿಂತಿರುವುದೇ ಇಲ್ಲಿನ ಬಿಸಿಲನ್ನು ನಂಬಿಕೊಂಡು.

ತೊಂದರೆಯೆಲ್ಲ ನೀರಿನದು. ರಾಜ್ಯ ಸರ್ಕಾರ 2007ರಲ್ಲಿ ಹೊಸ ಕಟ್ಟಡಗಳಿಗೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿದ ಮೇಲೆ ಈ ವ್ಯಾಪಾರ ಬೆಳೆದದ್ದು ಬೆಂಗಳೂರಿನಲ್ಲಿ, ಅದರಲ್ಲೂ ಕಾವೇರಿ ನೀರು ಬರುವ ಬಡಾವಣೆಗಳಲ್ಲಿ. ಅಲ್ಲಿ ಹತ್ತು ಹದಿನೈದು ವರ್ಷ ಬಾಳಿದ ಮಾಡೆಲ್ಲನ್ನೇ ಐನೂರರಿಂದ ಸಾವಿರ ಅಡಿ ಆಳದ ಬೋರಿಗೆ ಕೂಡಿಸಿದರೆ ಅದು ಬಾಳುವುದಿಲ್ಲ. ಹಾಗಾಗಿ ಈ ನಾಲ್ಕು ತಾಲ್ಲೂಕಿನವರು ಬ್ರ್ಯಾಂಡು, ಬೆಲೆ, ಲೀಟರು ಕೇಳುವುದಕ್ಕೆ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದಿದೆ: ಈ ಪೆಟ್ಟಿಗೆಗೆ ನಾನು ಯಾವ ನೀರು ಬಿಡುತ್ತೇನೆ?

ಬಿಳಿ ಕಟ್ಟುವುದು ಏಕೆ

ಬಂಡೆಯ ಸಂದಿನಲ್ಲಿ ವರ್ಷಗಟ್ಟಲೆ ನಿಂತ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಬೈಕಾರ್ಬೊನೇಟ್ ಕರಗಿರುತ್ತದೆ. ತಣ್ಣಗಿರುವ ತನಕ ಅದು ಕಣ್ಣಿಗೆ ಕಾಣದು. ಕಾಯಿಸಿದೊಡನೆ ಅದರಲ್ಲಿನ ಇಂಗಾಲದ ಡೈ ಆಕ್ಸೈಡ್ ಹಾರಿಹೋಗಿ, ಕರಗಲಾರದ ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. ಸಕ್ಕರೆ, ಉಪ್ಪು ಬಿಸಿನೀರಿನಲ್ಲಿ ಚೆನ್ನಾಗಿ ಕರಗುತ್ತವೆ. ಈ ಸುಣ್ಣದ್ದು ತದ್ವಿರುದ್ಧ ಗುಣ. ನೀರು ಬಿಸಿಯಾದಷ್ಟೂ ಹೆಚ್ಚು ಹೊರಬೀಳುತ್ತದೆ, 60 ಡಿಗ್ರಿ ದಾಟಿದ ಮೇಲಂತೂ ಬೇಗ ಬೇಗ ಕಟ್ಟುತ್ತದೆ. ಅಂದರೆ ಸೋಲಾರ್ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೋ ಅಷ್ಟು ಬೇಗ ತನ್ನ ಹೊಟ್ಟೆಯನ್ನು ತಾನೇ ತುಂಬಿಸಿಕೊಳ್ಳುತ್ತದೆ.

ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ಗಡಸುತನ ಲೀಟರಿಗೆ 500 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ 100 ಲೀಟರ್ ಕಾಯಿಸಿದರೆ ಅದರೊಳಗೆ 50 ಗ್ರಾಂ ಸುಣ್ಣದ ಅಂಶ ಬಂದು ಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ಒಳಗೇ ಉಳಿಯಿತು ಎಂದರೂ ದಿನಕ್ಕೆ 5 ಗ್ರಾಂ, ವರ್ಷಕ್ಕೆ ಸುಮಾರು 1.8 ಕಿಲೋ. ಹಳೆಯ ಫ್ಲಾಟ್ ಪ್ಲೇಟ್ ಪ್ಯಾನಲ್ಲಿನ ತಾಮ್ರದ ಕೊಳವೆಯನ್ನು ಅಡ್ಡಕ್ಕೆ ಕೊಯ್ದು ನೋಡಿದರೆ ಇದು ಅರ್ಥವಾಗುತ್ತದೆ. ಅರ್ಧ ಇಂಚಿನ ಕೊಳವೆಯಲ್ಲಿ ಸುತ್ತಲೂ ಉಂಗುರ ಉಂಗುರವಾಗಿ ಬೂದು ಬಿಳಿ ಪದರ, ನಡುವೆ ಪೆನ್ಸಿಲ್ ತೂರುವಷ್ಟು ಕಿಂಡಿ. ಉಗುರಿಗೆ ಕೆದರಿದರೆ ಬರುವುದಿಲ್ಲ, ಸ್ಕ್ರೂಡ್ರೈವರ್ ಬೇಕು.

ಆ ಕಿಂಡಿಯೇ ಮುಖ್ಯ. ಮನೆಯ ಸೋಲಾರಿನಲ್ಲಿ ನೀರು ಓಡಾಡಿಸಲು ಪಂಪ್ ಇಲ್ಲ. ಬಿಸಿಯಾದ ನೀರು ಹಗುರಾಗಿ ಮೇಲಿನ ಟ್ಯಾಂಕಿಗೆ ಏರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಈ ಸುತ್ತಾಟದ ಬಲ ಬಹಳ ಕಡಿಮೆ. ದಾರಿ ಸ್ವಲ್ಪ ಕಟ್ಟಿದರೂ ನಿಂತುಹೋಗುತ್ತದೆ. ಮೇಲೆ ಪ್ಯಾನಲ್ ಕಾದು ಕೆಂಡವಾಗಿದ್ದರೂ ನಲ್ಲಿಯಲ್ಲಿ ಉಗುರುಬೆಚ್ಚಗಿನ ನೀರು ಬರುವುದು ಇದಕ್ಕೇ.

ಮೊದಲು ನೀರು ಪರೀಕ್ಷೆ

ಸೋಪು ನೊರೆ ಬಾರದಿರುವುದು, ಬೇಳೆ ಬೇಯದಿರುವುದು, ಪಾತ್ರೆಯ ತಳ ಬೆಳ್ಳಗಾಗುವುದು: ಇಷ್ಟು ಕಂಡರೆ ನಿಮ್ಮದು ಗಡಸು ನೀರು. ಆದರೆ ಎಷ್ಟು ಗಡಸು ಎಂಬ ಅಂಕಿ ಕೈಯಲ್ಲಿಲ್ಲದೆ ಅಂಗಡಿಗೆ ಹೋಗಬೇಡಿ.

ಇಲ್ಲೊಂದು ಸಾಮಾನ್ಯ ಗೊಂದಲ. ಶುದ್ಧ ನೀರಿನ ಘಟಕದವರ ಹತ್ತಿರ ಇರುವ ಪೆನ್ನಿನಂಥ ಮೀಟರ್ ಅಳೆಯುವುದು ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿರುವ ಒಟ್ಟು ಲವಣ. ಗಡಸುತನ ಅದರೊಳಗಿನ ಒಂದು ಪಾಲು ಮಾತ್ರ. ಎರಡು ಬೋರಿನ ಟಿಡಿಎಸ್ ಒಂದೇ ಇದ್ದು, ಒಂದರಲ್ಲಿ ಸುಣ್ಣ ಕಟ್ಟಿ ಇನ್ನೊಂದರಲ್ಲಿ ಅಷ್ಟು ಕಟ್ಟದಿರಬಹುದು. ನಿಮಗೆ ಬೇಕಾದ್ದು ಎರಡು ಅಂಕಿ: ಒಟ್ಟು ಗಡಸುತನ ಮತ್ತು ಕ್ಲೋರೈಡ್. ಮೊದಲನೆಯದು ಕೊಳವೆ ಕಟ್ಟಿಸುತ್ತದೆ, ಎರಡನೆಯದು ಟ್ಯಾಂಕ್ ತೂತು ಮಾಡುತ್ತದೆ. ಜಲಜೀವನ್ ಮಿಷನ್ನಿನಲ್ಲಿ ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ನೀರು ಪರೀಕ್ಷಾ ಕಿಟ್ಟಿನಲ್ಲಿ ಇವೆರಡನ್ನೂ ನೋಡಬಹುದು. ಗಡಸುತನಕ್ಕೆ ಮಾತ್ರವಾದರೆ ಹನಿ ಹಾಕಿ ಬಣ್ಣ ನೋಡುವ ಚಿಕ್ಕ ಕಿಟ್ ಅಂಗಡಿಯಲ್ಲೂ ಸಿಗುತ್ತದೆ. ಬೇಸಿಗೆಯಲ್ಲಿ ಬೋರಿನ ಮಟ್ಟ ಇಳಿದಾಗ ಪರೀಕ್ಷಿಸಿ. ಆಗಿನ ಅಂಕಿ ಹೆಚ್ಚು ಬರುತ್ತದೆ, ನೀವು ಎದುರಿಸಬೇಕಾದ್ದೂ ಅದನ್ನೇ.

ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಗಡಸುತನದ ಮಿತಿ ಲೀಟರಿಗೆ 200 ಮಿ.ಗ್ರಾಂ., ಬೇರೆ ದಾರಿಯಿಲ್ಲದಿದ್ದರೆ 600. ಸೋಲಾರಿನ ಮಟ್ಟಿಗೆ ನಾನು ಹೀಗೆ ವಿಂಗಡಿಸುತ್ತೇನೆ. 200ರ ಒಳಗಿದ್ದರೆ ಯಾವ ಮಾಡೆಲ್ ಆದರೂ ನಡೆಯುತ್ತದೆ. 200ರಿಂದ 500ರ ತನಕ ಗಾಜಿನ ಕೊಳವೆಯದು, ವರ್ಷಕ್ಕೊಮ್ಮೆ ತೊಳೆಸುವ ಕರಾರಿನೊಂದಿಗೆ. 500 ದಾಟಿದರೆ ಆ ನೀರನ್ನು ನೇರವಾಗಿ ಯಾವ ಸೋಲಾರಿಗೂ ಬಿಡಬೇಡಿ.

ಕೊಳವೆಯೋ, ಪ್ಲೇಟೋ

ಮಾರುಕಟ್ಟೆಯಲ್ಲಿ ಎರಡು ಜಾತಿ. ಒಂದು ಇಟಿಸಿ, ಅಂದರೆ ಸಾಲಾಗಿ ಜೋಡಿಸಿದ ಕಪ್ಪು ಗಾಜಿನ ಕೊಳವೆಗಳು. ಇನ್ನೊಂದು ಎಫ್‌ಪಿಸಿ, ಗಾಜಿನ ಮುಚ್ಚಳದ ಪೆಟ್ಟಿಗೆಯೊಳಗೆ ತಾಮ್ರದ ಕೊಳವೆ.

ಇಟಿಸಿಯ ಕೊಳವೆ ಎರಡು ಪದರದ್ದು, ನಡುವೆ ಗಾಳಿ ತೆಗೆದಿರುತ್ತಾರೆ. ಹೀರಿಕೊಂಡ ಶಾಖ ಹೊರಗೆ ಸೋರುವುದು ಕಡಿಮೆ, ಹಾಗಾಗಿ ಮಾಗಿ ಚಳಿಯಲ್ಲೂ ಚೆನ್ನಾಗಿ ಕಾಯುತ್ತದೆ. ಸಾಮಾನ್ಯವಾಗಿ ಸಿಗುವ 58 ಮಿ.ಮೀ. ದಪ್ಪ, 1,800 ಮಿ.ಮೀ. ಉದ್ದದ ಕೊಳವೆಯ ಒಳಗೆ ಎರಡೂವರೆ ಲೀಟರಿಗಿಂತ ಹೆಚ್ಚು ನೀರು ನಿಲ್ಲುತ್ತದೆ. ದಾರಿ ಅಗಲವಾದ್ದರಿಂದ ಸುಣ್ಣ ಬಿದ್ದರೂ ಬೇಗ ಕಟ್ಟುವುದಿಲ್ಲ. ಪುಡಿ, ಚಕ್ಕೆಗಳು ತಳಕ್ಕೆ ಇಳಿದು ಕೂರುತ್ತವೆ. ಕೊಳವೆಯನ್ನು ತಿರುಗಿಸಿ ಎಳೆದು, ಬಗ್ಗಿಸಿ ಸುರಿದು, ಉದ್ದ ಬ್ರಷ್ ಹಾಕಿ ತೊಳೆದು ಮತ್ತೆ ಕೂರಿಸಬಹುದು. ಗಡಸು ನೀರಿನವರಿಗೆ ಇದರ ದೊಡ್ಡ ಅನುಕೂಲ ಇದೇ. ಅನನುಕೂಲ ಎಂದರೆ ಒಂದು ಕೊಳವೆ ಒಡೆದರೂ ಟ್ಯಾಂಕಿನ ನೀರೆಲ್ಲ ತಾರಸಿ ಪಾಲು. ಸಿದ್ಧರಬೆಟ್ಟದ ಆಸುಪಾಸಿನಂತೆ ಕೋತಿಗಳ ಹಾವಳಿ ಇರುವ ಕಡೆ, ತೆಂಗಿನ ಮರ ತಾರಸಿ ಮೇಲೆ ಬಾಗಿರುವ ಕೊರಟಗೆರೆಯ ತೋಟದ ಮನೆಗಳಲ್ಲಿ ಇದನ್ನು ಯೋಚಿಸಲೇಬೇಕು. ಕೊಂಡಾಗಲೇ ಒಂದೆರಡು ಬಿಡಿ ಕೊಳವೆ ಇಸಿದುಕೊಳ್ಳಿ.

ಕೊಳವೆ ಚೆನ್ನಾಗಿದೆಯೇ ಎಂದು ತಿಳಿಯಲು ಉಪಕರಣ ಬೇಡ. ಪ್ರತಿ ಕೊಳವೆಯ ಕೆಳತುದಿಯಲ್ಲಿ ಕನ್ನಡಿಯಂತೆ ಬೆಳ್ಳಿ ಹೊಳಪು ಇರುತ್ತದೆ. ಅದು ಬೇರಿಯಂ ಲೇಪ. ಎರಡು ಗಾಜಿನ ನಡುವೆ ಗಾಳಿ ನುಗ್ಗಿದರೆ ಆ ಹೊಳಪು ಹೋಗಿ ಮಂಕು ಬಿಳಿಯಾಗುತ್ತದೆ. ಹೊಸ ಕೊಳವೆಯಲ್ಲೇ ಹಾಗಿದ್ದರೆ ವಾಪಸ್ ಕೊಡಿ. ಹಳೆಯ ಸೋಲಾರಿನಲ್ಲಿ ನೀರು ಕಾಯದಿದ್ದರೆ ಮೆಕ್ಯಾನಿಕ್ ಕರೆಯುವ ಮುನ್ನ ನೀವೇ ತಾರಸಿ ಹತ್ತಿ ಬಿಳಿಯಾದ ತುದಿಗಳನ್ನು ಎಣಿಸಿ. ಅಷ್ಟನ್ನು ಬದಲಿಸಿದರೆ ಎಷ್ಟೋ ಸಲ ಕೆಲಸ ಮುಗಿಯುತ್ತದೆ.

ಎಫ್‌ಪಿಸಿ ಗಟ್ಟಿ. ಮೇಲಿನ ಗಾಜು ಹದ ಹಾಕಿದ್ದು, ಆಲಿಕಲ್ಲಿಗೂ ಬಗ್ಗುವುದಿಲ್ಲ. ಒಳ್ಳೆಯ ನೀರಿದ್ದರೆ ಇದಕ್ಕಿಂತ ಬಾಳಿಕೆಯದು ಇಲ್ಲ. ಆದರೆ ಕೊಳವೆ ಸಣ್ಣ, ಒಳಗೆ ಬ್ರಷ್ ಹೋಗದು. ನಿಮ್ಮ ನೀರು ಗಡಸಾಗಿದ್ದೂ ಎಫ್‌ಪಿಸಿಯೇ ಬೇಕೆಂದರೆ ಹೀಟ್ ಎಕ್ಸ್‌ಚೇಂಜರ್ ಇರುವ ಮಾಡೆಲ್ ಕೇಳಿ. ಅದರಲ್ಲಿ ಪ್ಯಾನಲ್ಲಿನ ಕೊಳವೆಯೊಳಗೆ ತುಂಬಿದ ಒಳ್ಳೆಯ ನೀರು ಅಲ್ಲಲ್ಲೇ ಸುತ್ತುತ್ತಿರುತ್ತದೆ. ಅದರ ಬಿಸಿ ಟ್ಯಾಂಕಿನ ಗೋಡೆಯ ಮೂಲಕ ನಿಮ್ಮ ನೀರಿಗೆ ದಾಟುತ್ತದೆ. ಪ್ಯಾನಲ್ ಉಳಿಯುತ್ತದೆ. ಸುಣ್ಣ ಆಗಲೂ ಟ್ಯಾಂಕಿನಲ್ಲಿ ಬೀಳುತ್ತದೆ, ಆದರೆ ಅಲ್ಲಿ ಜಾಗ ದೊಡ್ಡದು. ಬೆಲೆ ಹೆಚ್ಚು, ಬಿಸಿ ತುಸು ಕಡಿಮೆ. ಸುತ್ತುವ ಒಳ್ಳೆಯ ನೀರು ಆವಿಯಾಗಿ ಇಳಿದಾಗ ಬೋರಿನ ನೀರನ್ನೇ ಸುರಿದು ಬಿಟ್ಟರೆ ಕೊಟ್ಟ ದುಡ್ಡೆಲ್ಲ ವ್ಯರ್ಥ, ಇದು ನೆನಪಿರಲಿ.

ಟ್ಯಾಂಕಿನ ಒಳಗೆ ಏನಿದೆ ಕೇಳಿ

ಹೊರಗಿನ ಬಣ್ಣದ ತಗಡು ನೋಡಿ ಏನೂ ತಿಳಿಯದು. ಸ್ಟೇನ್‌ಲೆಸ್ ಸ್ಟೀಲ್ ಎಂದರೆ ತುಕ್ಕು ಹಿಡಿಯದು ಎಂಬುದು ಅರ್ಧ ನಿಜ. ಬಿಸಿನೀರಿನಲ್ಲಿ ಕ್ಲೋರೈಡ್ ಹೆಚ್ಚಿದ್ದರೆ 304 ದರ್ಜೆಯ ಸ್ಟೀಲಿಗೂ ಬೆಸುಗೆಯ ಪಕ್ಕದಲ್ಲಿ ಸೂಜಿಮೊನೆಯಷ್ಟು ತೂತು ಬೀಳುತ್ತದೆ. ನಾಲಿಗೆಗೆ ಉಪ್ಪು ತಾಗುವ ಸೌಳು ನೀರಿನವರು ಒಳಗೆ ಗಾಜಿನ ಲೇಪ ಅಥವಾ ಪಾಲಿಮರ್ ಲೇಪ ಇರುವ ಟ್ಯಾಂಕ್ ತೆಗೆದುಕೊಳ್ಳುವುದು ಮೇಲು. ಗಾಜಿನ ಲೇಪದ ಟ್ಯಾಂಕಿನಲ್ಲಿ ಮೆಗ್ನೀಸಿಯಂ ಆನೋಡ್ ಎಂಬ ಕಡ್ಡಿ ಇರುತ್ತದೆ. ಟ್ಯಾಂಕಿನ ಬದಲು ಅದು ಸವೆಯುತ್ತದೆ. ನಮ್ಮ ನೀರಿಗೆ ವರ್ಷಕ್ಕೊಮ್ಮೆ ಬಿಚ್ಚಿ ನೋಡಿ, ತೆಳ್ಳಗಾಗಿದ್ದರೆ ಬದಲಿಸಬೇಕು. ಆನೋಡ್ ಎಲ್ಲಿದೆ, ಬಿಡಿ ಎಷ್ಟಕ್ಕೆ ಸಿಗುತ್ತದೆ ಎಂದು ಅಂಗಡಿಯಲ್ಲಿ ಕೇಳಿದರೆ ಮಾರುವವರಿಗೆ ವಿಷಯ ಗೊತ್ತಿದೆಯೋ ಇಲ್ಲವೋ ಎಂಬುದೂ ತಿಳಿಯುತ್ತದೆ.

ಎಷ್ಟು ಲೀಟರ್

ಸಿಂಟೆಕ್ಸಿನ ನೀರು 25 ಡಿಗ್ರಿ, ಸೋಲಾರಿನ ನೀರು 60 ಡಿಗ್ರಿ, ಸ್ನಾನಕ್ಕೆ ಬೇಕಾದ್ದು 40 ಡಿಗ್ರಿ ಎಂದಿಟ್ಟುಕೊಳ್ಳಿ. 20 ಲೀಟರ್ ಬಕೆಟ್ಟಿಗೆ ಎಂಟೂವರೆ ಲೀಟರ್ ಬಿಸಿನೀರು ಸಾಕು, ಉಳಿದದ್ದು ತಣ್ಣೀರು. ತಲೆಗೆರಡು ಬಕೆಟ್ಟಿನಂತೆ ಐದು ಜನರ ಮನೆಗೆ 85 ಲೀಟರ್ ಬಿಸಿನೀರು. ಪುಷ್ಯದ ಚಳಿಯಲ್ಲಿ ತಣ್ಣೀರು 20 ಡಿಗ್ರಿಗೆ ಇಳಿದು, ಸೋಲಾರ್ 50ರ ಹತ್ತಿರ ನಿಂತರೆ ಅದೇ ಐದು ಜನಕ್ಕೆ 130 ಲೀಟರ್ ಮೇಲೆ ಬೇಕು. ಹಾಗಾಗಿ ಐದಾರು ಜನರ ಮನೆಗೆ 150 ಲೀಟರಿನದು ಸರಿ. ಷವರ್ ಬಳಸುವವರು, ಬಟ್ಟೆಗೂ ಬಿಸಿನೀರು ಬಿಡುವವರು 200ಕ್ಕೆ ಹೋಗಲಿ.

ಯುಗಾದಿ, ದೀಪಾವಳಿಗೆ ನೆಂಟರು ಬರುತ್ತಾರೆಂದು 300 ಲೀಟರ್ ಹಾಕಿಸುವವರಿದ್ದಾರೆ. ಗಡಸು ನೀರಿನಲ್ಲಿ ಇದು ಬೇಡದ ಕೆಲಸ. ಬಳಸದೆ ಉಳಿದ ನೀರು ಮರುದಿನ ಇನ್ನಷ್ಟು ಕಾಯುತ್ತದೆ. 80, 90 ಡಿಗ್ರಿಗೆ ಹೋದಾಗ ಸುಣ್ಣ ಎಲ್ಲಕ್ಕಿಂತ ಹೆಚ್ಚು ಬೀಳುತ್ತದೆ. ಹಬ್ಬದ ದಿನ ಹಂಡೆಗೆ ನಾಲ್ಕು ತೆಂಗಿನ ಗರಿ ಹಾಕಿದರೆ ಆಯಿತು.

ಗೃಹಜ್ಯೋತಿ ಇರುವಾಗ ಸೋಲಾರ್ ಏಕೆ?

ಈಗ ಎಲ್ಲರೂ ಕೇಳುವ ಪ್ರಶ್ನೆ. ಕರೆಂಟ್ ಬಿಲ್ ಸೊನ್ನೆ ಬರುತ್ತಿರುವಾಗ ಗೀಸರ್ ಹಾಕಿಸಿದರೆ ಸಾಲದೇ? ಸಾಲಬಹುದು, ಆದರೆ ಲೆಕ್ಕ ನೋಡಿ. 2023ರಲ್ಲಿ ಬಂದ ಗೃಹಜ್ಯೋತಿ ಎಲ್ಲರಿಗೂ 200 ಯೂನಿಟ್ ಕೊಡುವುದಿಲ್ಲ. 2022-23ರಲ್ಲಿ ನೀವು ಬಳಸುತ್ತಿದ್ದ ತಿಂಗಳ ಸರಾಸರಿಯ ಆಧಾರದ ಮೇಲೆ, ಅದಕ್ಕೆ ಸ್ವಲ್ಪ ಸೇರಿಸಿ ನಿಮ್ಮ ಪಾಲು ನಿಗದಿಯಾಗಿದೆ. ಅದನ್ನು ಮೀರಿದ ಯೂನಿಟ್ಟಿಗೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್.

15 ಲೀಟರ್ ನೀರನ್ನು 25ರಿಂದ 60 ಡಿಗ್ರಿಗೆ ಕಾಯಿಸಲು 0.6 ಯೂನಿಟ್ ಬೇಕು. ನಾಲ್ಕೈದು ಜನರ ಸ್ನಾನ, ಗೀಸರಿನ ಸೋರಿಕೆ ಎಲ್ಲ ಸೇರಿ ದಿನಕ್ಕೆ ಮೂರು ಯೂನಿಟ್, ತಿಂಗಳಿಗೆ 90. ನಿಮ್ಮ ಪಾಲು 70 ಯೂನಿಟ್ ಎಂದಾದರೆ ಗೀಸರ್ ಒಂದೇ ಅದನ್ನು ನುಂಗುತ್ತದೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆ, ಬಾಡಿಗೆ ಮನೆ, ತಾರಸಿ ಇಲ್ಲದ ಹೆಂಚಿನ ಮನೆಯವರಿಗೆ ಚಿಕ್ಕ ಗೀಸರೇ ಸರಿ. ದೊಡ್ಡ ಸಂಸಾರಕ್ಕೆ ಸೋಲಾರ್.

ಇನ್ನೊಂದು ಎಚ್ಚರ. ಪ್ರಧಾನಮಂತ್ರಿ ಸೂರ್ಯಘರ್ ಯೋಜನೆಯ ಸಬ್ಸಿಡಿ ಕರೆಂಟ್ ತಯಾರಿಸುವ ಪ್ಯಾನಲ್ಲಿಗೆ, ನೀರು ಕಾಯಿಸುವ ಸೋಲಾರಿಗಲ್ಲ. ವಾಟರ್ ಹೀಟರಿಗೆ ಕೇಂದ್ರದ ಸಬ್ಸಿಡಿ ನಿಂತು ಹೋಗಿ ವರ್ಷಗಳಾದವು. ಸಬ್ಸಿಡಿ ಕೊಡಿಸುತ್ತೇನೆಂದು ಮುಂಗಡ ಕೇಳುವವರಿಗೆ ಕೈ ಮುಗಿದು ಕಳಿಸಿ.

ಗ್ಯಾಸ್ ಗೀಸರ್ ಅಗ್ಗ, ಬೇಗ ಕಾಯುತ್ತದೆ. ಆದರೆ ಕಿಟಕಿ ಮುಚ್ಚಿದ ಬಚ್ಚಲುಮನೆಯಲ್ಲಿ ಅದು ಉರಿದರೆ ವಾಸನೆಯೇ ಇಲ್ಲದ ಕಾರ್ಬನ್ ಮಾನಾಕ್ಸೈಡ್ ತುಂಬಿ ಜೀವ ಹೋಗುತ್ತದೆ. ಅಂಥ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಯಲ್ಲಿ ಬರುತ್ತಲೇ ಇರುತ್ತದೆ. ಅದನ್ನು ಹಾಕಿಸುವುದಾದರೆ ಬಚ್ಚಲಿನ ಹೊರಗೆ, ಗಾಳಿಯಾಡುವ ಗೋಡೆಗೆ ಮಾತ್ರ. ಬಕೆಟ್ಟಿಗೆ ಇಳಿಬಿಡುವ ಕಾಯಿಲ್ ಬಗ್ಗೆ ಹೇಳುವುದು ಇಷ್ಟೇ: ಸ್ವಿಚ್ ಆಫ್ ಮಾಡಿ ಪ್ಲಗ್ ಕಿತ್ತ ಮೇಲೆಯೇ ನೀರು ಮುಟ್ಟಬೇಕು.

ಸೋಲಾರಿಗೆ ಬೇರೆ ನೀರು ಕೊಡಿ

ಈ ಲೇಖನದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಮನೆಗೆ ದಿನಕ್ಕೆ ಐನೂರು ಲೀಟರ್ ನೀರು ಬೇಕಾಗಬಹುದು. ಸೋಲಾರಿನ ಮೂಲಕ ಹೋಗುವುದು ಅದರಲ್ಲಿ ನೂರು ಲೀಟರ್ ಮಾತ್ರ. ಮನೆಯ ಎಲ್ಲ ನೀರನ್ನೂ ಮೆದುವಾಗಿಸಬೇಕಿಲ್ಲ. ಆ ನೂರು ಲೀಟರನ್ನು ಸರಿಪಡಿಸಿದರೆ ಸಾಕು. ತಾರಸಿ ಮೇಲೆ 500 ಲೀಟರಿನ ಎರಡನೇ ಸಿಂಟೆಕ್ಸ್ ಇಟ್ಟು, ಅದರಿಂದ ಸೋಲಾರಿಗೆ ಮಾತ್ರ ಪೈಪ್ ಎಳೆಯಿರಿ. ಬಚ್ಚಲಿನ ತಣ್ಣೀರು ನಲ್ಲಿ ಹಳೆಯ ಬೋರಿನ ನೀರಿನದೇ ಇರಲಿ. ಬಕೆಟ್ಟಿನಲ್ಲಿ ಎರಡೂ ಬೆರೆಯುತ್ತವೆ, ಸೋಪಿಗೂ ಅಷ್ಟು ಅನುಕೂಲ.

ಆ ಎರಡನೇ ಸಿಂಟೆಕ್ಸಿಗೆ ನೀರು ಎಲ್ಲಿಂದ?

ಶಿರಾ ಪಟ್ಟಣದಂತೆ ಹೇಮಾವತಿ ನೀರು ನಲ್ಲಿಯಲ್ಲಿ ಬರುವ ಕಡೆ ಅದನ್ನೇ ತುಂಬಿಸಿ. ವಾರಕ್ಕೆ ಎರಡು ಸಲ ಬಂದರೂ ಸಾಕಾಗುತ್ತದೆ. ನದಿ ನೀರಿನ ಗಡಸುತನ ಬೋರಿನದಕ್ಕಿಂತ ಬಹಳ ಕಡಿಮೆ.

ಹಳ್ಳಿಯವರಿಗೆ ಮಳೆ ನೀರು. ಈ ಕಡೆ ಮಳೆಯೇ ಇಲ್ಲವಲ್ಲ ಎನ್ನಬೇಡಿ. ವರ್ಷಕ್ಕೆ 600 ಮಿ.ಮೀ. ಸುರಿದರೂ ಸಾವಿರ ಚದರಡಿಯ ತಾರಸಿಯಿಂದ, ಐದರಲ್ಲಿ ಒಂದು ಪಾಲು ಹಾಳಾಯಿತೆಂದು ಬಿಟ್ಟರೂ, ಸುಮಾರು 44 ಸಾವಿರ ಲೀಟರ್ ಹಿಡಿಯಬಹುದು. ದಿನಕ್ಕೆ ನೂರು ಲೀಟರಿನ ಲೆಕ್ಕದಲ್ಲಿ ಅದು ವರ್ಷ ಮೀರಿ ಬರುವ ನೀರು. ಅಷ್ಟನ್ನೂ ಕೂಡಿಡಲು ಜಾಗ ಎಲ್ಲರಿಗೂ ಇಲ್ಲ. ಹತ್ತು ಸಾವಿರ ಲೀಟರಿನ ಸಂಪು ಇದ್ದರೂ ತುಂಬಿದ ಮೇಲೆ ನೂರು ದಿನ ಸೋಲಾರಿಗೆ ಮಳೆ ನೀರೇ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ತುಂಬಿದ್ದು ಬಿಸಿನೀರು ಹೆಚ್ಚು ಬೇಕಾಗುವ ಜನವರಿ ತನಕ ಬರುತ್ತದೆ. ಮೊದಲ ಮಳೆಯ ನೀರು ಹೊರಗೆ ಬಿಟ್ಟು, ಜಲ್ಲಿ ಮರಳಿನ ಸೋಸುಕದ ಮೂಲಕ ಸಂಪಿಗೆ ಇಳಿಸಿ.

ಎರಡೂ ಇಲ್ಲದವರಿಗೆ ವಾಟರ್ ಸಾಫ್ಟನರ್. ಇದರೊಳಗಿನ ರಾಳದ ಮಣಿಗಳು ಕ್ಯಾಲ್ಸಿಯಂ ಹಿಡಿದುಕೊಂಡು ಸೋಡಿಯಂ ಬಿಡುತ್ತವೆ. ಆಗಾಗ ಉಪ್ಪಿನ ನೀರು ಹಾಯಿಸಿ ತೊಳೆಯಬೇಕು. ಸೋಲಾರಿನ ಪೈಪಿಗಷ್ಟೇ ಕೂಡಿಸುವುದಾದರೆ ಚಿಕ್ಕದು ಸಾಕು. ತೊಳೆದ ಉಪ್ಪುನೀರನ್ನು ತೆಂಗಿನ ಬುಡಕ್ಕಾಗಲಿ ಕರಿಬೇವಿಗಾಗಲಿ ಬಿಡಬೇಡಿ. ಪೈಪಿಗೆ ಹೊರಗಿನಿಂದ ಕಟ್ಟುವ ಆಯಸ್ಕಾಂತ ಮಾರುವವರೂ ಬರುತ್ತಾರೆ. ಅದಕ್ಕೆ ನಾನು ದುಡ್ಡು ಕೊಡುವುದಿಲ್ಲ.

ಹಾಕಿಸುವಾಗ

1. ಮುಖ ದಕ್ಷಿಣಕ್ಕೆ. ನಮ್ಮ ತಾಲ್ಲೂಕುಗಳು ಹದಿಮೂರೂವರೆಯಿಂದ ಹದಿನಾಲ್ಕು ಡಿಗ್ರಿ ಚಿಲ್ಲರೆ ಅಕ್ಷಾಂಶದಲ್ಲಿವೆ. ಚಳಿಗಾಲದ ತಗ್ಗಿದ ಸೂರ್ಯನನ್ನು ಹಿಡಿಯಲು ಅದಕ್ಕೆ ಹತ್ತು ಸೇರಿಸಿ, ಸುಮಾರು 24 ಡಿಗ್ರಿ ಓರೆ ಇಟ್ಟರೆ ಸರಿ. ಇಟಿಸಿಯ ಸ್ಟ್ಯಾಂಡ್ ಕಂಪನಿಯಿಂದಲೇ ಓರೆ ಇಟ್ಟು ಬರುತ್ತದೆ.

2. ಬೆಳಗ್ಗೆ 9ರಿಂದ ಸಂಜೆ 4ರ ತನಕ ನೆರಳು ಬೀಳಬಾರದು. ಜೂನಿನಲ್ಲಿ ಬೀಳದ ಸಿಂಟೆಕ್ಸಿನ ನೆರಳು ಡಿಸೆಂಬರಿನಲ್ಲಿ ಉದ್ದವಾಗಿ ಬೀಳುತ್ತದೆ.

3. ತಣ್ಣೀರಿನ ಸಿಂಟೆಕ್ಸಿನ ತಳ ಸೋಲಾರ್ ಟ್ಯಾಂಕಿನ ನೆತ್ತಿಗಿಂತ ಮೇಲಿರಬೇಕು. ಗಾಳಿ ಹೋಗುವ ಪೈಪ್ ಸಿಂಟೆಕ್ಸಿನ ನೀರಿನ ಮಟ್ಟಕ್ಕಿಂತ ಎತ್ತರಕ್ಕೆ ಏರಿರಬೇಕು, ಅದರ ಬಾಯಿ ಎಂದೂ ಮುಚ್ಚಬಾರದು.

4. ಬಿಸಿನೀರಿಗೆ ಸಿಪಿವಿಸಿ ಪೈಪ್, ಮೇಲೆ ಫೋಮ್ ಸುತ್ತಿರಬೇಕು. ಬಿಳಿ ಪಿವಿಸಿ ಮೆದುವಾಗಿ ಜೋಲುತ್ತದೆ.

5. ಪೈಪ್ ಗಿಡ್ಡವಿದ್ದಷ್ಟೂ ಒಳ್ಳೆಯದು. ಮುಕ್ಕಾಲು ಇಂಚಿನ 20 ಮೀಟರ್ ಪೈಪಿನಲ್ಲಿ ಐದು ಲೀಟರ್ ನೀರು ನಿಂತಿರುತ್ತದೆ. ಬಿಸಿನೀರು ಬರುವ ತನಕ ಪ್ರತಿ ಬೆಳಗ್ಗೆ ಅಷ್ಟೂ ಚರಂಡಿಗೆ. ಬಚ್ಚಲಿನ ನೇರ ಮೇಲೆ ಸೋಲಾರ್ ಕೂರಿಸಿ, ಮೊದಲ ನೀರು ಬಕೆಟ್ಟಿನಲ್ಲಿ ಹಿಡಿಯಿರಿ.

6. ಇಟಿಸಿಗೆ ಮೊದಲ ಸಲ ನೀರು ಬಿಡುವುದು ಬೆಳಗಿನ ಜಾವ. ಮಧ್ಯಾಹ್ನದ ಬಿಸಿಲಿನಲ್ಲಿ ಖಾಲಿ ಕಾದ ಗಾಜಿಗೆ ತಣ್ಣೀರು ಬಿದ್ದರೆ ಪಟಪಟ ಒಡೆಯುತ್ತದೆ. ಬೋರ್ ಕೆಟ್ಟು ಟ್ಯಾಂಕ್ ಖಾಲಿಯಾದ ದಿನವೂ ಇದೇ ನಿಯಮ. ಕರೆಂಟ್ ಬಂತೆಂದು ಹನ್ನೆರಡು ಗಂಟೆಗೆ ಮೋಟಾರ್ ಹಾಕಿ ಕೊಳವೆ ಕಳೆದುಕೊಂಡವರು ಎಲ್ಲ ಊರಿನಲ್ಲೂ ಇದ್ದಾರೆ.

7. ಬಿಲ್ಲಿನಲ್ಲಿ ಮಾಡೆಲ್, ಕೊಳವೆಗಳ ಸಂಖ್ಯೆ, ಟ್ಯಾಂಕಿನ ಒಳ ಲೋಹ, ಐಎಸ್‌ಐ ಗುರುತು ನಮೂದಾಗಿರಲಿ. ವಾರಂಟಿ ಕಾರ್ಡಿನ ಸಣ್ಣಕ್ಷರ ಅಂಗಡಿಯಲ್ಲೇ ಓದಿ. ಗಡಸು ನೀರಿನಿಂದ ಆದ ಹಾನಿಗೆ ಹೊಣೆಯಲ್ಲ ಎಂಬ ಸಾಲು ಸಾಮಾನ್ಯವಾಗಿ ಅಲ್ಲೇ ಇರುತ್ತದೆ.

ಪದೇ ಪದೇ ಆಗುವ ತಪ್ಪುಗಳು

ಟ್ಯಾಂಕಿನೊಳಗಿನ ಕರೆಂಟ್ ಕಾಯಿಲನ್ನು ವರ್ಷವಿಡೀ ಆನ್ ಇಡುವುದು. ಎಲ್ಲಕ್ಕಿಂತ ಮೊದಲು ಸುಣ್ಣ ಮೆತ್ತುವುದು ಆ ಕಾಯಿಲಿಗೇ, ಏಕೆಂದರೆ ಎಲ್ಲಕ್ಕಿಂತ ಬಿಸಿ ಅದೇ. ಆಷಾಢದ ಮೋಡ, ಸೈಕ್ಲೋನಿನ ಜಡಿಮಳೆಯ ದಿನಗಳಿಗೆ ಮಾತ್ರ ಬಳಸಿ.

ತೊಳೆಯಲು ಕಕ್ಕಸಿನ ಆಸಿಡ್ ಸುರಿಯುವುದು. ಸುಣ್ಣ ನೊರೆಯೆದ್ದು ಹೋಗುವುದು ನಿಜ. ಜೊತೆಗೆ ಸ್ಟೀಲ್ ಟ್ಯಾಂಕಿನ ಬೆಸುಗೆಯೂ ಹೋಗುತ್ತದೆ, ರಬ್ಬರ್ ಉಂಗುರಗಳು ಗಟ್ಟಿಯಾಗಿ ಸೋರುತ್ತವೆ. ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ಬಕೆಟ್ ನೀರಿನಲ್ಲಿ ಕರಗಿಸಿ, ಬಿಚ್ಚಿದ ಕೊಳವೆಗಳಿಗೆ ತುಂಬಿ ಒಂದು ರಾತ್ರಿ ಬಿಟ್ಟು ಬ್ರಷ್ ಹಾಕಿದರೆ ನಿಧಾನವಾದರೂ ಹಾನಿಯಿಲ್ಲದೆ ಹೋಗುತ್ತದೆ. ಟ್ಯಾಂಕಿನ ತಳದ ವಾಲ್ವ್ ತೆರೆದು ಎರಡು ಮೂರು ತಿಂಗಳಿಗೊಮ್ಮೆ ಕೆಸರು ಹೊರಬಿಡಿ. ಆ ವಾಲ್ವೇ ಇಲ್ಲದ ಮಾಡೆಲ್ ಕೊಳ್ಳಬೇಡಿ.

ಊರಿಗೆ ಹೋಗುವಾಗ ಸೋಲಾರನ್ನು ಹಾಗೇ ಬಿಸಿಲಿಗೆ ಬಿಡುವುದು. ನಾಲ್ಕು ದಿನ ಯಾರೂ ನೀರು ತೆಗೆಯದಿದ್ದರೆ ಒಳಗೆ ಕುದಿಯುತ್ತಿರುತ್ತದೆ. ಹಳೆಯ ಜಮಖಾನೆಯನ್ನೋ ಗೋಣಿಪಟ್ಟೆಯನ್ನೋ ಕೊಳವೆಗಳ ಮೇಲೆ ಹೊದಿಸಿ ಕಟ್ಟಿ ಹೋಗಿ.

ಸೋಲಾರ್ ನೀರನ್ನು ಅಡುಗೆಗೆ, ಕಾಫಿಗೆ ಬಳಸುವುದು. ಹೇಗೂ ಕಾದಿದೆ, ಗ್ಯಾಸ್ ಉಳಿಯುತ್ತದೆ ಎಂಬ ಲೆಕ್ಕ. ಪಾವಗಡ, ಮಧುಗಿರಿ, ಶಿರಾದ ಎಷ್ಟೋ ಬೋರುಗಳಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ. ಮಿತಿಯನ್ನು ಮೀರಿದೆ. ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟು ಅದರ ಪ್ರಮಾಣ ಏರುತ್ತದೆ. ಮೈಗೆ ಸುರಿದುಕೊಳ್ಳಲು ಅಡ್ಡಿಯಿಲ್ಲ, ಬಾಯಿಗೆ ಬೇಡ.

ತೋಟದ ಮನೆಗೆ ಈಜುಕೊಳ ಕಟ್ಟಿಸುವವರಿಗೆ

ಬೆಂಗಳೂರಿನವರು ಈ ಕಡೆ ತೋಟ ಕೊಂಡು ಪುಟ್ಟ ಈಜುಕೊಳ ಕಟ್ಟಿಸಿ, ಡಿಸೆಂಬರಿನಲ್ಲಿ ಇಳಿಯಲಾಗದೆ ಹೀಟರ್ ಹುಡುಕುವುದುಂಟು. ಮನೆಯ ಗೀಸರಿನ ಲೆಕ್ಕ ಇಲ್ಲಿ ನಡೆಯದು. 6 ಮೀಟರ್ ಉದ್ದ, 3 ಮೀಟರ್ ಅಗಲ, 1.2 ಮೀಟರ್ ಆಳದ ಕೊಳದಲ್ಲಿ 21,600 ಲೀಟರ್ ನೀರಿರುತ್ತದೆ. ಅದನ್ನು ಒಂದು ಡಿಗ್ರಿ ಏರಿಸಲು 25 ಯೂನಿಟ್ ಕರೆಂಟ್ ಬೇಕು. ಐದು ಡಿಗ್ರಿಗೆ 125. ಅದೂ ಒಂದೇ ಸಲ ಅಲ್ಲ, ರಾತ್ರಿ ಇಳಿದದ್ದನ್ನು ಹಗಲು ಮತ್ತೆ ತುಂಬುತ್ತಿರಬೇಕು.

ಕೊಳದ ಬಿಸಿ ಹೋಗುವುದು ಬಹುಪಾಲು ಮೇಲ್ಮೈಯಿಂದ, ಆವಿಯಾಗಿ. ಪಾವಗಡದ ಒಣಗಾಳಿಯಲ್ಲಿ ಇದು ಇನ್ನೂ ಹೆಚ್ಚು. ಆದ್ದರಿಂದ ಮೊದಲು ಕೊಳ್ಳಬೇಕಾದ್ದು ಹೀಟರ್ ಅಲ್ಲ, ಕೊಳದ ಮೇಲೆ ಹಾಸುವ ಗುಳ್ಳೆ ಪ್ಲಾಸ್ಟಿಕ್ ಹೊದಿಕೆ. ಬಿಸಿಯೂ ಉಳಿಯುತ್ತದೆ, ನೀರೂ ಉಳಿಯುತ್ತದೆ. ಅದಾದ ಮೇಲೂ ತಣ್ಣಗೆನಿಸಿದರೆ ಗಾಜಿಲ್ಲದ ಕಪ್ಪು ಪ್ಲಾಸ್ಟಿಕ್ ಚಾಪೆಯಂಥ ಸೋಲಾರ್ ಕಲೆಕ್ಟರ್, ಕೊಳದ ಮೇಲ್ಮೈಯ ಅರ್ಧದಿಂದ ಪೂರ್ತಿಯಷ್ಟು ವಿಸ್ತೀರ್ಣದ್ದು, ಸೋಸುವ ಪಂಪಿಗೇ ಕೂಡಿಸಿ. ಕೊಳಕ್ಕೆ ಬೇಕಾದ್ದು 28, 30 ಡಿಗ್ರಿ ಮಾತ್ರವಾದ್ದರಿಂದ ಇಟಿಸಿ ಬೇಕಿಲ್ಲ, ಸುಣ್ಣ ಕಟ್ಟುವುದೂ ಕಡಿಮೆ. ಮೋಡದ ದಿನವೂ ಬಿಸಿ ಬೇಕೇ ಬೇಕು ಎನ್ನುವವರಿಗೆ ಹೀಟ್ ಪಂಪ್. ಸುತ್ತಲಿನ ಗಾಳಿಯ ಶಾಖವನ್ನು ಎಳೆದು ನೀರಿಗೆ ಕೊಡುವುದರಿಂದ ಕರೆಂಟ್ ಮೂರರಲ್ಲಿ ಒಂದು ಪಾಲು ಸಾಕು, ಒಂದು ಡಿಗ್ರಿಗೆ ಎಂಟು ಯೂನಿಟ್ ಚಿಲ್ಲರೆ. ಕೊಳದ ನೀರಿನಲ್ಲಿ ಕ್ಲೋರಿನ್ನೂ ಬೋರಿನ ಉಪ್ಪೂ ಸೇರಿರುವುದರಿಂದ ಒಳಗಿನ ಸುರುಳಿ ಟೈಟಾನಿಯಂದೇ ಇರಬೇಕು, ತಾಮ್ರದ್ದು ಬೇಡ. ಸಾದಾ ಕರೆಂಟ್ ಹೀಟರ್ ಕೊಳಕ್ಕೆ ಹಾಕಿಸುವ ಯೋಚನೆ ಇದ್ದರೆ ಮೊದಲು ಬೆಸ್ಕಾಂ ಸೆಕ್ಷನ್ ಆಫೀಸಿಗೆ ಹೋಗಿ, ನಿಮ್ಮ ಮನೆಗೆ ಮಂಜೂರಾದ ಲೋಡ್ ಎಷ್ಟು ಕಿಲೋವ್ಯಾಟ್ ಎಂದು ಕೇಳಿಕೊಂಡು ಬನ್ನಿ.